‘ಯಾತ್ರಿಕನ ಪ್ರಯಾಣ’ದಲ್ಲಿ ರಕ್ಷಣೆಯ ತತ್ತ್ವ

ಜಾನ್ ಬನ್ಯನ್ ಎಂಬ ಆಂಗ್ಲ ಗ್ರಂಥಕಾರನ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ ಕ್ರಿ.ಶ. ೧೬೭೮ರಲ್ಲಿ ಪ್ರಕಟವಾಯಿತು, ಅದರ ಎರಡನೆಯ ಭಾಗವು ೧೬೮೪ರಲ್ಲಿ ಹೊರಬಿದ್ದಿತು. ಕ್ರೈಸ್ತ ಧರ್ಮಪ್ರಚಾರಕರು ಹೋದ ದೇಶಗಳಿಗೆಲ್ಲ ಈ ಗ್ರಂಥವೂ ಹೋಯಿತು. ಮಂಗಳೂರಿನಲ್ಲಿ ನೆಲೆಸಿದ ಬಾಸೆಲ್ ಮಿಷನ್ನಿನವರ ಪ್ರಯತ್ನದಿಂದ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇದು ಕನ್ನಡಕ್ಕೂ ಬಂದಿತು. ಹೀಗಾಗಿ ಕನ್ನಡ ಗದ್ಯದ ಚರಿತ್ರೆಯನ್ನು ಬಲ್ಲವರಿಗೆ ಈ ಕಥೆಯು ತೀರ ಅಪರಿಚಿತವಾದುದಲ್ಲ. ಆದರೆ ಇದನ್ನು ಮಕ್ಕಳ ನೀತಿಕಥೆಯೆಂದೋ ಮತಪ್ರಚಾರದ ಪುಸ್ತಕವೆಂದೋ ಎಣಿಸಿ ಬದಿಗಿಡುವ ವಾಡಿಕೆಯಿಂದ, ಇದರ ನಡುವೆ ಇರುವ ಒಂದು ಗಹನವಾದ ಪ್ರಶ್ನೆಯು ನಮ್ಮಲ್ಲಿ ವಿಚಾರಕ್ಕೆ ಬಂದಿರುವುದು ಕಡಿಮೆ.

ಆ ಪ್ರಶ್ನೆಯು ಇದು. ಮನುಷ್ಯನಿಗೆ ರಕ್ಷಣೆಯು ಕೇವಲ ದೇವರ ಕೃಪೆಯಿಂದ, ನಂಬಿಕೆಯ ಮೂಲಕ ದೊರೆಯುವುದೇ ಹೊರತು ಅವನ ಸತ್ಕರ್ಮಗಳ ಕೂಲಿಯಾಗಿ ಅಲ್ಲವೆಂಬುದು ಬನ್ಯನ್ನನ ಸಿದ್ಧಾಂತ. ಅವನ ಕಥೆಯಲ್ಲಾದರೋ ನಾಯಕನ ಪಾಪದ ಹೊರೆಯು ಮೊದಲನೆಯ ಭಾಗದ ಪ್ರಾರಂಭದಲ್ಲಿಯೇ ಶಿಲುಬೆಯ ಬಳಿ ತಾನಾಗಿ ಕಳಚಿ ಬೀಳುತ್ತದೆ. ಅಲ್ಲಿಂದ ಮುಂದೆ ಬೆಟ್ಟ, ಕಣಿವೆ, ಕಾಳಗ, ಸೆರೆಮನೆ, ಹೊಳೆ ಇವುಗಳ ಸುದೀರ್ಘವಾದ ದಾರಿಯಿದೆ. ಈ ದಾರಿಯು ರಕ್ಷಣೆಗೆ ತೆರತಕ್ಕ ಬೆಲೆಯಾದರೆ ಸಿದ್ಧಾಂತವು ಸುಳ್ಳಾಯಿತು. ಬೆಲೆಯಲ್ಲವಾದರೆ ಕಥೆಯ ಬಹುಭಾಗವು ನಿಷ್ಪ್ರಯೋಜನವಾಯಿತು. ಕವಿಯೂ ವಿಮರ್ಶಕನೂ ಆದ ಕೋಲ್‌ರಿಜ್ಜನು ಈ ಗ್ರಂಥವನ್ನು ಸುವಾರ್ತಾತತ್ತ್ವದ ಅತ್ಯುತ್ತಮ ಸಂಗ್ರಹವೆಂದು ಹೊಗಳಿದವನಾದರೂ, ಬನ್ಯನ್ನನಲ್ಲಿಯ ಕವಿಯು ಅವನಲ್ಲಿಯ ಮತಬೋಧಕನನ್ನು ಮೀರಿಸಿದನೆಂಬ ಅಭಿಪ್ರಾಯವನ್ನೂ ಕೊಟ್ಟಿದ್ದಾನೆ. ಕಥೆಗೂ ಸಿದ್ಧಾಂತಕ್ಕೂ ವೈರವಿದೆಯೆಂಬ ಮಾತು ಅಂದಿನಿಂದ ಬೇರೆ ಬೇರೆ ರೂಪಗಳಲ್ಲಿ ಕೇಳಿಬರುತ್ತಿದೆ. ವೈರವಿಲ್ಲವೆಂದೂ, ಕಥೆಯ ರಚನೆಯೇ ಆ ಸಿದ್ಧಾಂತದ ಸರಿಯಾದ ವ್ಯಾಖ್ಯಾನವೆಂದೂ, ಆದರೆ ಒಂದು ಸ್ಥಳದಲ್ಲಿ ಮಾತ್ರ ಅದಕ್ಕೆ ನಿಜವಾದ ಬಿರುಕು ಬಿದ್ದಿದೆಯೆಂದೂ ತೋರಿಸುವುದು ಈ ಲೇಖನದ ಉದ್ದೇಶ. ಪಾತ್ರಗಳ ಮತ್ತು ಸ್ಥಳಗಳ ಹೆಸರುಗಳನ್ನು ಅರ್ಥಕ್ಕೆ ತಕ್ಕಂತೆ ಇಲ್ಲಿ ಕನ್ನಡಿಸಿಕೊಂಡಿದೆ.

೧

ಮೊದಲು ಸಿದ್ಧಾಂತದ ಸ್ವರೂಪವನ್ನು ಸಂಕ್ಷೇಪವಾಗಿ ನೋಡಬೇಕು. ‘ರಕ್ಷಣೆ’ ಎಂಬ ಮಾತನ್ನು ಕೇಳಿದೊಡನೆ ನಮ್ಮ ಮನಸ್ಸು ‘ಮೋಕ್ಷ’ದ ಕಡೆಗೆ ಹೋಗುವುದು ಸಹಜ. ಯಾತ್ರಿಕನ ಬೆನ್ನ ಮೇಲಿನ ಗಂಟನ್ನು ಕಂಡರೆ ‘ಕರ್ಮದ ಹೊರೆ’ ಎನ್ನಿಸುವುದೂ ಸಹಜವೇ. ಆದರೆ ಹೋಲಿಕೆಯನ್ನು ಬಹಳ ದೂರ ಎಳೆಯಲಾಗದು. ಕ್ರೈಸ್ತರ ರಕ್ಷಣೆಯು ಜನ್ಮಪರಂಪರೆಯಿಂದ ಬಿಡುಗಡೆಯಲ್ಲ. ಪಾಪದಿಂದಲೂ ಮರಣದಿಂದಲೂ ಬಿಡುಗಡೆ, ಮತ್ತು ಮುರಿದುಹೋದ ದೇವ-ಮಾನವ ಸಂಬಂಧವು ಮತ್ತೆ ಕೂಡಿಕೊಳ್ಳುವುದು. ಕರ್ಮವು ಭೋಗದಿಂದಲಾಗಲಿ ಜ್ಞಾನದಿಂದಲಾಗಲಿ ಕ್ಷಯವಾಗುವುದೆಂದು ನಮ್ಮ ಶಾಸ್ತ್ರಗಳು ಹೇಳುವುವು. ಪಾಪಿಯ ಸಾಲವನ್ನು ಮತ್ತೊಬ್ಬನು, ಎಂದರೆ ಕ್ರಿಸ್ತನು, ತನ್ನ ಮೇಲೆ ಹೊತ್ತುಕೊಂಡು ತೀರಿಸಿದನೆಂಬುದು ಕ್ರೈಸ್ತರ ನಂಬಿಕೆ.

ಇಲ್ಲಿಯವರೆಗೆ ಕ್ರೈಸ್ತರಲ್ಲಿ ಬಹುಮಟ್ಟಿಗೆ ಒಮ್ಮತವಿದೆ. ಆ ಫಲವು ಮನುಷ್ಯನಿಗೆ ಸಲ್ಲುವ ಬಗೆ ಹೇಗೆಂಬಲ್ಲಿ ವಾದವು ಹುಟ್ಟಿತು. ಮನುಷ್ಯನು ತನ್ನ ಇಚ್ಛಾಬಲದಿಂದಲೇ ದೇವರ ಆಜ್ಞೆಯನ್ನು ನಡೆಸಬಲ್ಲನೆಂಬ ಅರ್ಥದಲ್ಲಿ ಪೆಲಾಜಿಯಸ್ಸನು ಬೋಧಿಸಿದಾಗ, ಆ ಇಚ್ಛೆಯೇ ರೋಗಗ್ರಸ್ತವಾಗಿದೆ, ಕೃಪೆಯು ಮುಂದಾಗಿ ಬಂದು ಅದನ್ನು ಎಬ್ಬಿಸಬೇಕು ಎಂದು ಅಗಸ್ಟೀನನು ಪ್ರತಿವಾದಿಸಿದನು. ೪೧೮ರಲ್ಲಿ ಕಾರ್ಥೇಜಿನ ಸಭೆಯು ಪೆಲಾಜಿಯಸ್ಸನ ಮತವನ್ನು ತಿರಸ್ಕರಿಸಿತು. ಹನ್ನೊಂದು ಶತಮಾನಗಳ ತರುವಾಯ ಲೂಥರನು ಪೌಲನ ಪತ್ರಿಕೆಗಳನ್ನು ಆಧಾರ ಮಾಡಿಕೊಂಡು ಪ್ರಶ್ನೆಯನ್ನು ಇನ್ನಷ್ಟು ತೀಕ್ಷ್ಣಗೊಳಿಸಿದನು. ದೇವರು ಪಾಪಿಯನ್ನು ನೀತಿವಂತನೆಂದು ಎಣಿಸುವುದು ಅವನೊಳಗೆ ಬೆಳೆದ ಸದ್ಗುಣವನ್ನು ನೋಡಿ ಅಲ್ಲ. ಹೊರಗಿನಿಂದ ಬಂದ ಕ್ರಿಸ್ತನ ನೀತಿಯನ್ನು ಅವನ ಲೆಕ್ಕಕ್ಕೆ ಹಿಡಿದು. ಇದು ಲೂಥರನ ಪಕ್ಷ. ಅದಕ್ಕೆ ಉತ್ತರವಾಗಿ ೧೫೪೭ರಲ್ಲಿ ಟ್ರೆಂಟಿನ ಮಹಾಸಭೆಯು, ಕೃಪೆಯಿಲ್ಲದೆ ಸ್ವಂತ ಕ್ರಿಯೆಗಳಿಂದ ಯಾರೂ ನೀತಿವಂತರಾಗರೆಂಬುದನ್ನು ಒಪ್ಪಿ, ಆದರೆ ಅಂತರಂಗದ ನವೀಕರಣವೂ ಆ ನೀತಿಯ ಒಳಗೇ ಸೇರಿದ್ದೆಂದೂ ಸತ್ಕ್ರಿಯೆಗಳಿಂದ ಅದು ವೃದ್ಧಿಯಾಗುವುದೆಂದೂ ವಿಧಿಸಿತು. ಈ ಎರಡು ಪಕ್ಷಗಳ ನಡುವಣ ಕಲಹವು ಎಷ್ಟು ದೀರ್ಘವಾದುದೆಂಬುದಕ್ಕೆ, ರೋಮಿನ ಸಭೆಯವರೂ ಲೂಥರನ್ ಸಭೆಗಳ ಒಕ್ಕೂಟದವರೂ ಈ ವಿಷಯದ ಮೂಲತತ್ತ್ವಗಳಲ್ಲಿ ತಮಗೆ ಏಕಾಭಿಪ್ರಾಯವಿದೆಯೆಂದು ಆಗ್ಸ್‌ಬರ್ಗಿನಲ್ಲಿ ಸಹಿ ಹಾಕಿದುದು ೧೯೯೯ರ ಅಕ್ಟೋಬರ್ ೩೧ರಂದು ಎಂಬ ಸಂಗತಿಯೇ ಸಾಕ್ಷಿ.

ಬನ್ಯನ್ನನು ಈ ವಾದವನ್ನು ವಿದ್ಯಾಪೀಠದಲ್ಲಿ ಕಲಿತವನಲ್ಲ. ಅವನು ೧೬೨೮ರಲ್ಲಿ ಬೆಡ್‌ಫರ್ಡಿನ ಹತ್ತಿರದ ಎಲ್‌ಸ್ಟೋ ಗ್ರಾಮದಲ್ಲಿ ಹುಟ್ಟಿದ, ಪಾತ್ರೆಗಳಿಗೆ ಬೆಸುಗೆ ಹಾಕಿ ಜೀವಿಸುತ್ತಿದ್ದ ಕಸಬುದಾರ. ಅವನ ಮೊದಲ ಹೆಂಡತಿಯು ತಂದೆಯ ಮನೆಯಿಂದ ತಂದುದು ಎರಡು ಭಕ್ತಿಗ್ರಂಥಗಳನ್ನು ಮಾತ್ರ. ಯೌವನದಲ್ಲಿ ವರ್ಷಗಟ್ಟಲೆ ತಾನು ಕ್ರಿಸ್ತನನ್ನು ಮಾರಿಬಿಟ್ಟೆನೆಂಬ ಭಾವನೆಯಿಂದ ಬೆಂದವನು, ಗಲಾತ್ಯರ ಪತ್ರಿಕೆಗೆ ಲೂಥರನು ಬರೆದ ವ್ಯಾಖ್ಯಾನದ ಹಳೆಯ ಪ್ರತಿಯೊಂದು ಕೈಗೆ ಸಿಕ್ಕಾಗ ತನ್ನ ಎದೆಯೊಳಗಿನಿಂದಲೇ ಅದನ್ನು ಬರೆದಂತಿದೆಯೆಂದು ಬೆರಗಾದನು. ತನ್ನ ನೀತಿಯು ತನ್ನ ಮನಸ್ಸಿನ ಏರಿಳಿತಗಳಲ್ಲಿ ಇಲ್ಲ, ಪರಲೋಕದಲ್ಲಿ ಕ್ರಿಸ್ತನ ಬಳಿ ಇದೆ ಎಂಬ ಅರಿವು ಒಂದು ದಿನ ಹೊಲದಲ್ಲಿ ನಡೆದು ಹೋಗುವಾಗ ಅವನಿಗೆ ಹೊಳೆಯಿತು. ಇದೆಲ್ಲವನ್ನೂ ಅವನು ೧೬೬೬ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಅಪ್ಪಣೆಯಿಲ್ಲದೆ ಬೋಧಿಸಿದನೆಂಬ ಕಾರಣದಿಂದ ೧೬೬೦ರಿಂದ ೧೬೭೨ರವರೆಗೆ ಸೆರೆಯಲ್ಲಿದ್ದನು. ಆದುದರಿಂದ ಅವನಿಗೆ ರಕ್ಷಣೆಯ ಪ್ರಶ್ನೆಯು ತರ್ಕದ ವಿಷಯವಾಗಿರದೆ ಪ್ರಾಣದ ವಿಷಯವಾಗಿದ್ದಿತು.

೨

ಕಥೆಗೆ ಬರೋಣ. ಕ್ರೈಸ್ತನೆಂಬವನು ವಿನಾಶಪುರವನ್ನು ಬಿಟ್ಟು ಹೊರಡುತ್ತಾನೆ; ವಿಷಾದದ ಕೆಸರಿನಲ್ಲಿ ಬಿದ್ದೇಳುತ್ತಾನೆ. ಲೌಕಿಕಜ್ಞಾನಿಯು ಅವನನ್ನು ತಡೆದು, ಇಷ್ಟು ತೊಂದರೆ ಏಕೆ, ಹತ್ತಿರದಲ್ಲಿಯೇ ಸದಾಚಾರವೆಂಬ ಹಳ್ಳಿಯಿದೆ, ಅಲ್ಲಿ ವಿಧಿನಿಷ್ಠನೆಂಬ ಗೃಹಸ್ಥನು ಹೊರೆಗಳನ್ನು ಇಳಿಸುವುದರಲ್ಲಿ ನಿಪುಣನು ಎನ್ನುತ್ತಾನೆ. ಆ ದಾರಿ ಹಿಡಿದರೆ ಸೀನಾಯ್ ಬೆಟ್ಟವು ತಲೆಯ ಮೇಲೆ ಉರುಳುವಂತೆ ಬಾಗಿ ನಿಂತಿದೆ. ಹೊರೆಯು ಮೊದಲಿಗಿಂತ ಭಾರವಾಗುತ್ತದೆ. ಧರ್ಮವಿಧಿಯು ಪಾಪವನ್ನು ತೋರಿಸಬಲ್ಲದಲ್ಲದೆ ತೆಗೆಯಲಾರದೆಂಬ ಪೌಲನ ಮಾತಿಗೆ ಇದು ಚಿತ್ರರೂಪ. ಇದೇ ಅರ್ಥವನ್ನು ಮುಂದೆ ಅರ್ಥಬೋಧಕನ ಮನೆಯಲ್ಲಿ ಇನ್ನೂ ಸುಂದರವಾಗಿ ಕಾಣುತ್ತೇವೆ. ಎಂದೂ ಗುಡಿಸದ ಒಂದು ಕೋಣೆ. ಒಬ್ಬನು ಬಂದು ಗುಡಿಸತೊಡಗಿದರೆ ಧೂಳೆದ್ದು ಉಸಿರು ಕಟ್ಟುತ್ತದೆ. ಹುಡುಗಿಯೊಬ್ಬಳು ನೀರು ಚಿಮುಕಿಸಿದ ಮೇಲೆ ಅದೇ ಕೋಣೆ ಸುಖವಾಗಿ ಶುದ್ಧವಾಗುತ್ತದೆ. ಗುಡಿಸಿದವನು ಧರ್ಮವಿಧಿ, ನೀರು ಚಿಮುಕಿಸಿದವಳು ಸುವಾರ್ತೆ. ದಿನಬೆಳಗಾದರೆ ಅಂಗಳಕ್ಕೆ ನೀರು ಹಾಕಿ ಗುಡಿಸುವುದನ್ನು ಕಂಡ ನಮ್ಮವರಿಗೆ ಈ ದೃಷ್ಟಾಂತಕ್ಕೆ ಬೇರೆ ವ್ಯಾಖ್ಯಾನ ಬೇಡ.

ಹೊರೆಯು ಬೀಳುವುದು ಇದಾದ ಮೇಲೆ. ಯಾತ್ರಿಕನು ಅಲ್ಲಿ ಮಾಡುವ ಕೆಲಸವೊಂದೂ ಇಲ್ಲ. ಶಿಲುಬೆಯ ಬಳಿಗೆ ಬರುತ್ತಾನೆ, ಕಟ್ಟು ಸಡಲುತ್ತದೆ, ಗಂಟು ಉರುಳಿ ಸಮಾಧಿಯ ಬಾಯೊಳಗೆ ಬಿದ್ದು ಕಾಣದಾಗುತ್ತದೆ. ತೇಜಸ್ವಿಗಳಾದ ಮೂವರು ಬಂದು ಕ್ಷಮೆಯನ್ನು ಸಾರಿ, ಚಿಂದಿಯನ್ನು ತೆಗೆದು ಹೊಸ ಬಟ್ಟೆ ತೊಡಿಸಿ, ಹಣೆಗೆ ಗುರುತಿಟ್ಟು, ಮುದ್ರೆಯೊತ್ತಿದ ಒಂದು ಸುರುಳಿಯನ್ನು ಕೈಗೆ ಕೊಡುತ್ತಾರೆ. ಆ ಸುರುಳಿಯನ್ನು ದಿವ್ಯನಗರದ ಬಾಗಿಲಲ್ಲಿ ಒಪ್ಪಿಸಬೇಕು.

ಈ ಸ್ಥಳಕ್ಕೆ ಬಂದ ಒಂದು ಪ್ರಸಿದ್ಧ ಆಕ್ಷೇಪವುಂಟು. ಯಾತ್ರಿಕನು ಇದಕ್ಕೆ ಮೊದಲೇ ಇಕ್ಕಟ್ಟಾದ ಬಾಗಿಲನ್ನು ದಾಟಿದ್ದಾನೆ. ಬಾಗಿಲು ದಾಟಿದ ಮೇಲೂ ಹೊರೆಯು ಬೆನ್ನ ಮೇಲೆಯೇ ಇರುವುದು ಹೇಗೆ? ಹತ್ತೊಂಬತ್ತನೆಯ ಶತಮಾನದ ಖ್ಯಾತ ಬೋಧಕನಾದ ಸ್ಪರ್ಜನ್ನನು, ಸಾಮಾನ್ಯವಾಗಿ ನಡೆಯುವುದನ್ನು ಬನ್ಯನ್ನನು ವರ್ಣಿಸಿದ್ದರೆ ಅದು ಸರಿ, ನಡೆಯಬೇಕಾದುದನ್ನು ತೋರಿಸಹೊರಟಿದ್ದರೆ ತಪ್ಪು ಎಂಬ ಭಾವದ ತೀರ್ಪನ್ನು ಕೊಟ್ಟನು. ಪಾಪಿಯನ್ನು ನೇರವಾಗಿ ಶಿಲುಬೆಯ ಬಳಿಗೇ ಕಳುಹಿಸಬೇಕಾಗಿತ್ತೆಂಬುದು ಅವನ ಅಭಿಪ್ರಾಯ. ಬೋಧಕನ ದೃಷ್ಟಿಯಿಂದ ಈ ಮಾತು ಯುಕ್ತವೇ. ಆದರೆ ಇದರಲ್ಲಿ ಗ್ರಂಥದ ಒಂದು ಸೂಕ್ಷ್ಮವು ತಪ್ಪಿಹೋಗಿದೆ. ದೇವರು ಒಬ್ಬನನ್ನು ಸ್ವೀಕರಿಸುವುದು ಒಂದು. ಸ್ವೀಕೃತನಾದೆನೆಂದು ಅವನು ತಿಳಿಯುವುದು ಮತ್ತೊಂದು. ಬಾಗಿಲಲ್ಲಿ ಮೊದಲನೆಯದು ನಡೆದಿದೆ, ಶಿಲುಬೆಯಲ್ಲಿ ಎರಡನೆಯದು. ತನ್ನ ಜೀವನದಲ್ಲಿ ಈ ಎರಡರ ನಡುವೆ ವರ್ಷಗಳೇ ಕಳೆದಿದ್ದವನು ಕಥೆಯಲ್ಲಿ ಅವುಗಳನ್ನು ಒಂದೇ ಕ್ಷಣಕ್ಕೆ ಕಟ್ಟಿಹಾಕಿದ್ದರೆ ಅದು ಅವನು ಕಂಡ ಸತ್ಯಕ್ಕೆ ದ್ರೋಹವಾಗುತ್ತಿದ್ದಿತು.

೩

ಈ ಭೇದವನ್ನು ಒಪ್ಪಿಕೊಂಡರೆ ಮುಂದಿನ ದಾರಿಯ ಅರ್ಥವೂ ತೆರೆಯುತ್ತದೆ. ಶಿಲುಬೆಯಿಂದ ಆಚೆಗೆ ಯಾತ್ರಿಕನಿಗೆ ಬರುವ ಮುಖ್ಯ ಆಪತ್ತುಗಳನ್ನು ಒಂದೊಂದಾಗಿ ನೋಡಿದರೆ, ಅವುಗಳಲ್ಲಿ ಅವನು ಹೊಸದಾಗಿ ಸಂಪಾದಿಸಬೇಕಾದುದು ಏನೂ ಇಲ್ಲವೆಂಬುದು ಕಾಣುವುದು. ಕಷ್ಟಗಿರಿಯ ನಡುವೆ ದಣಿದವರಿಗಾಗಿ ಗಿರಿಯ ಒಡೆಯನು ಕಟ್ಟಿಸಿದ ಲತಾಮಂಟಪದಲ್ಲಿ ಅವನು ನಿದ್ರೆಹೋಗುತ್ತಾನೆ. ಸುರುಳಿಯು ಕೈಯಿಂದ ಜಾರುತ್ತದೆ. ಬೆಟ್ಟದ ಮೇಲೆ ಸಿಂಹಗಳ ಸುದ್ದಿ ಕೇಳಿ ಬೆದರಿದಾಗ ಧೈರ್ಯಕ್ಕಾಗಿ ಎದೆಯನ್ನು ತಡವಿಕೊಂಡರೆ ಅದು ಇಲ್ಲ. ಅಳುತ್ತಾ ಹಿಂದಿರುಗಿ ಬಂದು ಅದೇ ಪೀಠದ ಕೆಳಗೆ ಅದನ್ನು ಕಾಣುತ್ತಾನೆ. ಒಂದು ಸಲ ನಡೆಯಬೇಕಾದ ದಾರಿಯನ್ನು ಮೂರು ಸಲ ತುಳಿದನು. ಆದರೆ ಸುರುಳಿಯನ್ನು ಯಾರೂ ಹಿಂದಕ್ಕೆ ಪಡೆದಿರಲಿಲ್ಲ. ಹೊಸದಾಗಿ ಬರೆದು ಕೊಡಲೂ ಇಲ್ಲ.

ಸಂದೇಹದುರ್ಗದ ಪ್ರಸಂಗವು ಇದಕ್ಕಿಂತ ಸ್ಪಷ್ಟವಾದುದು. ಮೆತ್ತಗಿನ ಹುಲ್ಲುದಾರಿಯ ಆಸೆಯಿಂದ ಹಾದಿ ತಪ್ಪಿದ ಕ್ರೈಸ್ತನನ್ನೂ ಅವನ ಸಂಗಾತಿಯಾದ ಆಶಾವಂತನನ್ನೂ ನಿರಾಶನೆಂಬ ರಾಕ್ಷಸನು ಹಿಡಿದು, ಬುಧವಾರ ಬೆಳಗಿನಿಂದ ಶನಿವಾರ ರಾತ್ರಿಯವರೆಗೆ ಅನ್ನನೀರಿಲ್ಲದೆ ಕತ್ತಲೆಕೋಣೆಯಲ್ಲಿ ಕೂಡಿಹಾಕುತ್ತಾನೆ, ಹೊಡೆಯುತ್ತಾನೆ, ಆತ್ಮಹತ್ಯವೇ ಲೇಸೆಂದು ಉಪದೇಶಿಸುತ್ತಾನೆ. ನಡುರಾತ್ರಿಯಿಂದ ಅವರು ಪ್ರಾರ್ಥಿಸುತ್ತಿರುವಾಗ, ಬೆಳಗಾಗುವುದಕ್ಕೆ ಸ್ವಲ್ಪ ಮುಂಚೆ, ಕ್ರೈಸ್ತನಿಗೆ ಥಟ್ಟನೆ ನೆನಪಾಗುತ್ತದೆ: ವಾಗ್ದಾನವೆಂಬ ಬೀಗದ ಕೈಯು ತನ್ನ ಎದೆಯ ಹತ್ತಿರವೇ ಇದೆ. ಅದರಿಂದ ಬಾಗಿಲುಗಳು ತೆರೆಯುತ್ತವೆ. ನಾಲ್ಕು ದಿನಗಳ ನರಕವು ಬೀಗದ ಕೈ ಇಲ್ಲದುದರಿಂದ ಬಂದುದಲ್ಲ. ಇದ್ದುದನ್ನು ಮರೆತುದರಿಂದ ಬಂದುದು. ಕೊನೆಯ ಹೊಳೆಯೂ ಹೀಗೆಯೇ. ಆ ನಗರದ ಅರಸನನ್ನು ನಂಬಿದಷ್ಟು ಮಟ್ಟಿಗೆ ಅದರ ನೀರು ಆಳವೋ ಆಳವಿಲ್ಲದ್ದೋ ಆಗುವುದು. ಕ್ರೈಸ್ತನು ಮುಳುಗುವಂತಾದಾಗ ಆಶಾವಂತನು ಅವನ ತಲೆಯನ್ನು ಎತ್ತಿ ಹಿಡಿಯುತ್ತಾನೆ.

ಹೀಗೆ ನೋಡಿದರೆ ಕಥೆಯ ಚಲನೆಯು ‘ಇಲ್ಲದುದರಿಂದ ಇರುವುದಕ್ಕೆ’ ಅಲ್ಲ. ‘ಕೊಟ್ಟುದರಿಂದ ಅದರ ಸ್ಮರಣೆಗೆ’. ದಾರಿಯು ಬೆಲೆಯಲ್ಲ, ದಾನವು ಜೀವನದಲ್ಲಿ ಅರಗುವುದಕ್ಕೆ ಹಿಡಿಯುವ ಕಾಲ. ಶಾಸ್ತ್ರದ ಭಾಷೆಯಲ್ಲಿ, ನೀತಿವಂತನೆಂದು ನಿರ್ಣಯಿಸಲ್ಪಡುವುದು ಒಂದು ಕ್ಷಣದ್ದು, ಪವಿತ್ರೀಕರಣವು ಆಯುಷ್ಯದ್ದು. ಎರಡನೆಯದು ಮೊದಲನೆಯದರ ಫಲವೇ ಹೊರತು ಕಾರಣವಲ್ಲ. ಅರ್ಥಬೋಧಕನ ಮನೆಯಲ್ಲಿ ಗೋಡೆಗೆ ತಾಗಿದಂತೆ ಉರಿಯುತ್ತಿದ್ದ ಬೆಂಕಿಯ ದೃಷ್ಟಾಂತವು ಇದನ್ನು ಮೊದಲೇ ಸೂಚಿಸಿತ್ತು. ಒಬ್ಬನು ಮುಂದೆ ನಿಂತು ನೀರೆರೆಯುತ್ತಿದ್ದರೂ ಬೆಂಕಿಯು ಹೆಚ್ಚುತ್ತಿದ್ದಿತು. ಏಕೆಂದರೆ ಗೋಡೆಯ ಹಿಂದೆ ಮತ್ತೊಬ್ಬನು ಮರೆಯಾಗಿ ಎಣ್ಣೆ ಹೊಯ್ಯುತ್ತಿದ್ದನು. ಸಾಧನೆಯು ಉಂಟು, ಆದರೆ ಅದರ ಎಣ್ಣೆಯು ಸಾಧಕನದಲ್ಲ.

ಶ್ರೀವೈಷ್ಣವ ಸಂಪ್ರದಾಯದ ಮರ್ಕಟಕಿಶೋರ, ಮಾರ್ಜಾರಕಿಶೋರ ನ್ಯಾಯಗಳನ್ನು ಬಲ್ಲ ವಾಚಕರು ಬನ್ಯನ್ನನನ್ನು ಎರಡನೆಯ ಪಂಗಡಕ್ಕೆ ಸೇರಿಸಬಹುದು. ಶಿಲುಬೆಯ ಬಳಿ ಆ ಹೋಲಿಕೆಯು ಒಪ್ಪುತ್ತದೆ: ಮರಿಯು ಏನನ್ನೂ ಮಾಡದು, ತಾಯಿಬೆಕ್ಕು ಕಚ್ಚಿಕೊಂಡು ಹೋಗುವುದು. ಆದರೆ ಮುಂದಿನ ದಾರಿಯಲ್ಲಿ ಅದು ಸಾಲದು. ಇಲ್ಲಿ ಮರಿಯು ತನ್ನ ಕಾಲಿನಿಂದಲೇ ನಡೆಯಬೇಕು. ನಡೆಯುವುದು ತನ್ನ ಬಲದಿಂದಲ್ಲವೆಂಬುದನ್ನು ಮಾತ್ರ ಮರೆಯಬಾರದು. ಎರಡು ನ್ಯಾಯಗಳಲ್ಲಿ ಒಂದನ್ನು ಆರಿಸಿಕೊಳ್ಳದೆ ಒಂದರ ಮೇಲೆ ಇನ್ನೊಂದನ್ನು ನಿಲ್ಲಿಸಿರುವುದೇ ಈ ಕಥೆಯ ವಿಶೇಷ.

೪

ಇನ್ನು ನಾವು ಮೊದಲು ಹೇಳಿದ ಬಿರುಕಿನ ವಿಚಾರ. ದಾರಿಯ ಕೊನೆಯ ಭಾಗದಲ್ಲಿ ಅಜ್ಞಾನನೆಂಬ ಉತ್ಸಾಹಿಯಾದ ಹುಡುಗನೊಬ್ಬನು ಅಡ್ಡಹಾದಿಯಿಂದ ಬಂದು ಸೇರುತ್ತಾನೆ. ಅವನು ದುಷ್ಟನಲ್ಲ, ಕಪಟಿಯೂ ಅಲ್ಲ. ಪ್ರಾರ್ಥಿಸುತ್ತಾನೆ, ದಾನ ಮಾಡುತ್ತಾನೆ, ಸಾಲ ತೀರಿಸುತ್ತಾನೆ, ದಿವ್ಯನಗರಕ್ಕೆಂದು ತನ್ನ ಊರನ್ನು ಬಿಟ್ಟು ಬಂದಿದ್ದಾನೆ. ಕ್ರಿಸ್ತನು ಪಾಪಿಗಳಿಗಾಗಿ ಸತ್ತನೆಂದು ನಂಬುತ್ತಾನೆ. ತನ್ನ ವಿಧೇಯತೆಯನ್ನು ದೇವರು ಕ್ರಿಸ್ತನ ಪುಣ್ಯದ ದೆಸೆಯಿಂದ ಮೆಚ್ಚಿ ಅಂಗೀಕರಿಸುವನೆಂದೂ ನಂಬುತ್ತಾನೆ. ಕ್ರೈಸ್ತನು ಈ ನಂಬಿಕೆಯನ್ನು ಖಂಡಿಸುತ್ತಾನೆ. ಇದರಲ್ಲಿ ಕ್ರಿಸ್ತನು ಮನುಷ್ಯನನ್ನು ರಕ್ಷಿಸುವುದಿಲ್ಲ, ಮನುಷ್ಯನ ಕೆಲಸಗಳಿಗೆ ಬೆಲೆ ಕಟ್ಟಿಸಿಕೊಡುತ್ತಾನೆ ಅಷ್ಟೆ. ಭರವಸೆಯು ಕೊನೆಗೆ ತನ್ನ ಕೆಲಸದ ಮೇಲೆಯೇ ನಿಲ್ಲುತ್ತದೆ. ಖಂಡನೆಯು ತರ್ಕಶುದ್ಧವಾದುದು; ಬನ್ಯನ್ನನ ಸಿದ್ಧಾಂತಕ್ಕೆ ಇದಕ್ಕಿಂತ ನಯವಾದ ಪ್ರತಿಪಕ್ಷವಿಲ್ಲ. ಕ್ರೈಸ್ತಧರ್ಮದ ಮುಖ್ಯೋದ್ದೇಶವು ಮನುಷ್ಯನಲ್ಲಿ ಅಂತರಂಗದ ಸದಾಚಾರವನ್ನು ಪುನಃ ನೆಲೆಗೊಳಿಸುವುದೆಂದು ಎಡ್ವರ್ಡ್ ಫೌಲರನೆಂಬ ಪಾದ್ರಿಯು ೧೬೭೧ರಲ್ಲಿ ಬರೆದಾಗ, ಬನ್ಯನ್ನನು ೧೬೭೨ರಲ್ಲಿ ಕಟುವಾದ ಉತ್ತರವನ್ನು ಪ್ರಕಟಿಸಿದ್ದನು. ಅಜ್ಞಾನನ ಮಾತುಗಳಲ್ಲಿ ಆ ವಾದದ ಪ್ರತಿಧ್ವನಿಯಿದೆ.

ಆದರೆ ಅವನ ಅಂತ್ಯವನ್ನು ನೋಡಿರಿ. ವ್ಯರ್ಥಾಶೆಯೆಂಬ ಅಂಬಿಗನು ಅವನನ್ನು ಸುಲಭವಾಗಿ ಹೊಳೆ ದಾಟಿಸುತ್ತಾನೆ. ಅವನು ಒಬ್ಬನೇ ಬೆಟ್ಟವನ್ನು ಹತ್ತುತ್ತಾನೆ. ಸ್ವಾಗತಿಸಲು ಯಾರೂ ಬರುವುದಿಲ್ಲ. ಬಾಗಿಲಲ್ಲಿ ಸುರುಳಿಯನ್ನು ಕೇಳಿದಾಗ ಎದೆಯನ್ನು ತಡವಿ ಸುಮ್ಮನಾಗುತ್ತಾನೆ. ಕೈಕಾಲು ಕಟ್ಟಿ ಅವನನ್ನು ನರಕದ ಬಾಗಿಲಿಗೆ ಒಯ್ಯುತ್ತಾರೆ. ಕನಸು ಕಾಣುತ್ತಿರುವ ಕಥನಕಾರನು, ಸ್ವರ್ಗದ ಬಾಗಿಲಿನಿಂದಲೂ ನರಕಕ್ಕೆ ದಾರಿಯುಂಟೆಂದು ಕಂಡು ಎಚ್ಚರಗೊಳ್ಳುತ್ತಾನೆ. ಇಷ್ಟು ಆನಂದದ ಗ್ರಂಥವು ಈ ಭಯಂಕರ ಚಿತ್ರದಿಂದ ಮುಗಿಯುತ್ತದೆ.

ಎದೆಯನ್ನು ತಡವಿಕೊಂಡು ಸುರುಳಿಯನ್ನು ಕಾಣದಿದ್ದುದು ಹಿಂದೆ ಒಮ್ಮೆ ಕ್ರೈಸ್ತನಿಗೂ ಆಗಿತ್ತು; ಅವನಿಗೆ ಹಿಂದಿರುಗಿ ಹುಡುಕಲು ದಾರಿಯಿತ್ತು, ಇವನಿಗೆ ಇಲ್ಲ. ಇದು ಸಿದ್ಧಾಂತದ ದೋಷವೆಂದು ನಾವು ಹೇಳಲಾರೆವು. ದಾನವನ್ನು ದಾನವಾಗಿ ಸ್ವೀಕರಿಸಲೊಲ್ಲದವನ ಕೈ ಬರಿದಾಗಿರುವುದು ನ್ಯಾಯವೇ. ದೋಷವಿರುವುದು ರೂಪಕಕಥೆಯ ವಿಧಾನದಲ್ಲಿ. ಕ್ರೈಸ್ತನಿಗೆ ತಪ್ಪುವ, ಮರೆಯುವ, ಹಿಂದಿರುಗುವ ಸ್ವಾತಂತ್ರ್ಯವಿದೆ. ಏಕೆಂದರೆ ಅವನು ಕ್ರಮೇಣ ಹೆಸರಿಗಿಂತ ದೊಡ್ಡ ಮನುಷ್ಯನಾಗಿದ್ದಾನೆ. ಅಜ್ಞಾನನಿಗೆ ಆ ಅವಕಾಶವನ್ನು ಕೊಟ್ಟಿಲ್ಲ. ಅವನು ಹೆಸರಿನಲ್ಲಿಯೇ ಸೆರೆಯಾಗಿದ್ದಾನೆ. ವಾದದಲ್ಲಿ ಅವನು ಒಂದು ಪಕ್ಷ, ಆದರೆ ಶಿಕ್ಷೆಗೆ ಗುರಿಯಾಗುವಾಗ ಅವನು ಒಬ್ಬ ಹುಡುಗ. ತಪ್ಪು ಅಭಿಪ್ರಾಯವನ್ನು ಖಂಡಿಸುವ ಕೈಯೇ ಒಬ್ಬ ಮನುಷ್ಯನನ್ನು ಕಟ್ಟಿದಾಗ ವಾಚಕನ ಮನಸ್ಸು ಹಿಂಜರಿಯುತ್ತದೆ. ಇದಕ್ಕಿಂತ ಘನವಾದ ಇನ್ನೊಂದು ಸಂಗತಿಯೂ ಇದೆ. ರಕ್ಷಣೆಯು ಕ್ರಿಯೆಯಿಂದಲ್ಲ, ನಂಬಿಕೆಯಿಂದ ಎಂದು ಸಾರುವವರು, ನಂಬಿಕೆಯನ್ನು ಸರಿಯಾದ ಮಾತುಗಳಲ್ಲಿ ಹೇಳಬಲ್ಲ ಸಾಮರ್ಥ್ಯವೆಂದು ತಿಳಿದರೆ, ಆ ಸಾಮರ್ಥ್ಯವೇ ಹೊಸದೊಂದು ಕ್ರಿಯೆಯಾಗಿ ಕೃಪೆಯ ಬಾಗಿಲನ್ನು ಮುಚ್ಚುವುದು. ಅಜ್ಞಾನನ ಪ್ರಸಂಗದಲ್ಲಿ ಬನ್ಯನ್ನನು ಈ ಅಪಾಯದ ಅಂಚಿಗೆ ಬಂದು ನಿಂತಿದ್ದಾನೆ.

೫

ಸುದೈವದಿಂದ ಅವನು ಅಲ್ಲಿಯೇ ನಿಲ್ಲಲಿಲ್ಲ. ಆರು ವರ್ಷಗಳ ಮೇಲೆ ಬಂದ ಎರಡನೆಯ ಭಾಗವನ್ನು ವಿಮರ್ಶಕರು ಸಾಮಾನ್ಯವಾಗಿ ಮೊದಲನೆಯದಕ್ಕಿಂತ ಸಡಿಲವಾದುದೆಂದು ತೂಗುತ್ತಾರೆ. ಕಥೆಯ ಬಿಗಿಯನ್ನು ಮಾತ್ರ ನೋಡಿದರೆ ಅದು ದಿಟ. ರಕ್ಷಣೆಯ ತತ್ತ್ವದ ದೃಷ್ಟಿಯಿಂದಾದರೋ ಅದು ಮೊದಲನೆಯ ಭಾಗಕ್ಕೆ ಬೇಕಾಗಿದ್ದ ಪೂರಣ. ಕ್ರೈಸ್ತನು ಹೆಂಡತಿಮಕ್ಕಳನ್ನು ಬಿಟ್ಟು ಒಬ್ಬನೇ ಓಡಿದ್ದನು. ಈಗ ಅವನ ಹೆಂಡತಿ ಕ್ರೈಸ್ತಿಯಾನಳು ಮಕ್ಕಳೊಡನೆ, ನೆರೆಯ ಕನ್ಯೆಯಾದ ಕರುಣೆಯನ್ನೂ ಕೂಡಿಕೊಂಡು ಹೊರಡುತ್ತಾಳೆ. ಕರುಣೆಗೆ ತನ್ನ ಹೆಸರಿನ ಕರೆಯೇ ಬಂದಿಲ್ಲ. ಬಾಗಿಲ ಹೊರಗೆ ಭಯದಿಂದ ಮೂರ್ಛೆಹೋದವಳನ್ನು ಬಾಗಿಲು ಕಾಯುವವನು ಕೈಹಿಡಿದು ಒಳಗೆ ಕರೆದುಕೊಳ್ಳುತ್ತಾನೆ. ಅವಳ ಸಿದ್ಧಾಂತವನ್ನು ಯಾರೂ ಪರೀಕ್ಷಿಸುವುದಿಲ್ಲ.

ಇವರನ್ನು ಕಾಪಾಡಿಕೊಂಡು ಹೋಗುವ ಮಹಾಹೃದಯನು ತಾನು ಹಿಂದೆ ಕರೆದೊಯ್ದಿದ್ದ ಭೀರುವೆಂಬವನ ಕಥೆಯನ್ನು ಹೇಳುತ್ತಾನೆ. ಆ ಭೀರುವು ವಿಷಾದದ ಕೆಸರಿನ ದಡದಲ್ಲಿ ತಿಂಗಳಿಗೂ ಮೇಲ್ಪಟ್ಟು ಬಿದ್ದಿದ್ದನು. ಸಿಂಹಗಳಿಗೂ ಕಷ್ಟಗಿರಿಗೂ ಹೆದರದವನಿಗೆ, ಕೊನೆಯಲ್ಲಿ ತನ್ನನ್ನು ಸೇರಿಸಿಕೊಳ್ಳುವರೋ ಇಲ್ಲವೋ ಎಂಬುದೊಂದೇ ಭಯ. ಅವನು ಹೊಳೆಗೆ ಬಂದ ದಿನ ನೀರು ಹಿಂದೆಂದೂ ಕಾಣದಷ್ಟು ಇಳಿದು, ಪಾದ ನೆನೆಯುವುದಕ್ಕಿಂತ ಹೆಚ್ಚಾಗಿರಲಿಲ್ಲವಂತೆ. ನಂಬಿದಷ್ಟು ಮಟ್ಟಿಗೆ ಆಳ ಕಡಿಮೆಯೆಂಬ ಮೊದಲನೆಯ ಭಾಗದ ನಿಯಮಕ್ಕೆ ಇಲ್ಲಿ ಅಪವಾದವುಂಟಾಗಿದೆ. ಎಲ್ಲರಿಗಿಂತ ಕಡಿಮೆ ಧೈರ್ಯದವನಿಗೆ ಎಲ್ಲರಿಗಿಂತ ಕಡಿಮೆ ನೀರು. ಊರುಗೋಲಿನ ಮೇಲೆ ಕುಂಟುವವನೂ, ಮನೋದುರ್ಬಲನೂ, ವಿಷಣ್ಣನೂ, ಅವನ ಮಗಳಾದ ಅತಿಭೀತೆಯೂ ಒಬ್ಬೊಬ್ಬರಾಗಿ ದಾಟುತ್ತಾರೆ. ಅತಿಭೀತೆಯು ಹಾಡುತ್ತಲೇ ಹೊಳೆಗೆ ಇಳಿಯುತ್ತಾಳೆ. ಈ ಹೆಸರುಗಳೂ ಅಜ್ಞಾನನ ಹೆಸರಿನಂತೆ ದೋಷಗಳ ಹೆಸರುಗಳೇ. ಆದರೆ ಇವರನ್ನು ಹೆಸರಿನಿಂದ ಅಳೆದು ಹೊರಗೆ ಹಾಕಿಲ್ಲ. ಹೆಸರನ್ನು ಹೊತ್ತುಕೊಂಡಿದ್ದಂತೆಯೇ ಒಳಗೆ ಕರೆದಿದೆ.

ಬಲವಾದ ನಂಬಿಕೆಯು ಮನುಷ್ಯನನ್ನು ರಕ್ಷಿಸುವುದಿಲ್ಲ. ನಂಬಿಕೆಯು ಯಾರನ್ನು ಹಿಡಿದಿದೆಯೋ ಅವನು ರಕ್ಷಿಸುತ್ತಾನೆ. ದುರ್ಬಲವಾದ ಕೈಯಲ್ಲಿಟ್ಟರೂ ದಾನವು ದಾನವೇ. ಇದು ಲೂಥರನ ತತ್ತ್ವದ ನ್ಯಾಯವಾದ ಫಲಿತಾಂಶ. ಮೊದಲನೆಯ ಭಾಗದ ಕೊನೆಯ ಪುಟದಲ್ಲಿ ಮಬ್ಬಾದುದು ಎರಡನೆಯ ಭಾಗದ ಹೊಳೆಯ ದಡದಲ್ಲಿ ತಿಳಿಯಾಯಿತು. ಬನ್ಯನ್ನನಲ್ಲಿ ಕವಿಯು ಬೋಧಕನನ್ನು ಮೀರಿಸಿದನೆಂಬ ಮಾತನ್ನು ಈಗ ತುಸು ತಿದ್ದಬೇಕಾಗಿದೆ. ಬೋಧಕನು ಹೇಳಿದ ಸಿದ್ಧಾಂತವನ್ನು ಕೊನೆಯವರೆಗೆ ನಂಬಿದವನು ಕವಿಯೇ. ಅಜ್ಞಾನನ ಬಾಗಿಲಲ್ಲಿ ಬೋಧಕನು ತರ್ಕದಿಂದ ಕೃಪೆಗೆ ಎಲ್ಲೆಕಟ್ಟಿದನು. ಭೀರುವಿನ ಹೊಳೆಯಲ್ಲಿ ಕವಿಯು ಆ ಎಲ್ಲೆಯನ್ನು ತಗ್ಗಿಸಿದನು. ಎರಡು ಭಾಗಗಳನ್ನು ಜೊತೆಗಿಟ್ಟು ಓದಿದವರಿಗೆ ಮಾತ್ರ ಗ್ರಂಥವು ಪೂರ್ಣವಾಗಿ ದೊರೆಯುವುದು. ಮೊದಲನೆಯ ಭಾಗವೊಂದನ್ನೇ ಓದಿ ನಿಲ್ಲಿಸುವ ವಾಡಿಕೆಯನ್ನು ಬಿಡುವುದು, ಈ ಕಾರಣದಿಂದ, ಸಾಹಿತ್ಯಕ್ಕೂ ತತ್ತ್ವಕ್ಕೂ ಒಂದೇ ಸಮನಾಗಿ ಹಿತಕರವೆಂದು ನಮ್ಮ ಅಭಿಪ್ರಾಯ.